ಮಳೆಗಾಲದ ಕಪ್ಪೆ ಕೂಗಿನಲ್ಲಿ ಚಂದ್ರನ ಲೆಕ್ಕ: ಒಂದು ಮುಂಗಾರಿನ ರೆಕಾರ್ಡಿಂಗ್ ಸಾಕಾಗುತ್ತದಾ?

ಹಾಳೆಟೋಪಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪ್ರಾಣಿಶಾಸ್ತ್ರ ಎಂ.ಎಸ್ಸಿ. ಪ್ರಾಜೆಕ್ಟಿಗೆ ತೀರ್ಥಹಳ್ಳಿ–ಆಗುಂಬೆ ನಡುವೆ, ಅಡಿಕೆ ತೋಟ ಮುಗಿದು ಕಾನು ಶುರುವಾಗುವ ಕಡೆ, ಧ್ವನಿ ರೆಕಾರ್ಡರ್ ಕಟ್ಟುವ ಯೋಚನೆ ಇದೆ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆವರೆಗೆ, ಅಂದಾಜು 120 ರಾತ್ರಿ. ಸಂಜೆ 6ರಿಂದ ನಡುರಾತ್ರಿ 12ರವರೆಗೆ ಅರ್ಧ ಗಂಟೆಗೊಮ್ಮೆ 5 ನಿಮಿಷದ ತುಣುಕು. ರಾವೋರ್ಕೆಸ್ಟಿಸ್ ಕುಲದ ಪೊದೆಗಪ್ಪೆಗಳ ಕೂಗು ಹುಣ್ಣಿಮೆ–ಅಮಾವಾಸ್ಯೆ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆಯೇ ಅಂತ ತಿಳಿಯಬೇಕು.

ಗೊಂದಲ ಇರುವುದು ಇಲ್ಲಿ. ಜೋರು ಮಳೆ ಬಂದ ರಾತ್ರಿಗಳ ರೆಕಾರ್ಡಿಂಗ್‌ನಲ್ಲಿ ಮಳೆ ಬಿಟ್ಟು ಏನೂ ಕೇಳುವುದಿಲ್ಲ. ಅಂಥ ರಾತ್ರಿಗೆ ಸೊನ್ನೆ ಹಾಕಬೇಕಾ, ಖಾಲಿ ಬಿಡಬೇಕಾ? ಖಾಲಿ ಬಿಟ್ಟರೆ ದಿನಗಳ ನಡುವೆ ಕಿಂಡಿ ಬೀಳುತ್ತದೆ, ಮಾಮೂಲಿ ಎಫ್‌ಎಫ್‌ಟಿ (ಅಂಕಿಗಳಲ್ಲಿ ಅಡಗಿದ ಲಯ ಹುಡುಕುವ ಲೆಕ್ಕ) ಹಾಕಲು ಆಗುವುದಿಲ್ಲ. ನಕ್ಷತ್ರದ ಮಳೆಗಳ ಪ್ರಕಾರ, ಅಂದರೆ ಆರಿದ್ರಾ, ಪುನರ್ವಸು, ಪುಷ್ಯ ಹೀಗೆ ಗುಂಪು ಮಾಡಿ ಸರಾಸರಿ ತೆಗೆದರೆ ಕಿಂಡಿ ಮುಚ್ಚುತ್ತದಲ್ಲ ಅಂತಲೂ ಒಂದು ಸಲಹೆ ಬಂದಿದೆ. ಚಂದ್ರನ ಲೆಕ್ಕಕ್ಕೆ ಪಂಚಾಂಗದ ತಿಥಿ ಸಾಕಾ? ವಿಶ್ಲೇಷಣೆಗೆ ಪ್ರಾಟ್ ತಂತ್ರಾಂಶ ಬಳಸಬಹುದಾ, ಅದು ಮನುಷ್ಯರ ಮಾತಿಗೆ ಮಾಡಿದ್ದು ಅನ್ನುತ್ತಾರೆ. ಸ್ಯಾಂಪ್ಲಿಂಗ್ ದರ, ವಿಂಡೋ (ಒಂದು ಸಲಕ್ಕೆ ವಿಶ್ಲೇಷಿಸುವ ಸದ್ದಿನ ಚೂರಿನ ಉದ್ದ) ಎಷ್ಟಿಡಬೇಕು ಅನ್ನುವುದನ್ನೂ ತಿಳಿದವರು ಹೇಳಿ.

---

ಕಾನುಹೊಳೆ

ಚಂದ್ರನ ವಿಷಯ ಆಮೇಲೆ. ಮೊದಲು ರೆಕಾರ್ಡರ್ ಎಲ್ಲಿ ಕೂರುತ್ತದೆ ಅನ್ನುವುದು ಇತ್ಯರ್ಥ ಆಗಲಿ, ಯಾಕೆಂದರೆ ಅಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಗಣಿತವೂ ಸರಿ ಮಾಡುವುದಿಲ್ಲ.

ಅಡಿಕೆ ಮರದ ಬುಡದಲ್ಲಿ ಕಟ್ಟಬೇಡಿ. ಮಳೆ ನಿಂತು ಒಂದು ಗಂಟೆಯಾದರೂ ಸೋಗೆಯಿಂದ ಹನಿ ಉದುರುತ್ತಲೇ ಇರುತ್ತದೆ. ಕೆಳಗೆ ಬಿದ್ದಿರುವ ಒಣಹಾಳೆಯ ಮೇಲೆ ಬೀಳುವ ಒಂದೊಂದು ಹನಿಯೂ ತಮಟೆಗೆ ಏಟು ಕೊಟ್ಟ ಹಾಗೆ. ಈ ಸದ್ದು ಗಿಡ್ಡ, ಚೂಪು. ಎಲ್ಲ ಆವರ್ತನಗಳಲ್ಲೂ ಹರಡಿರುತ್ತದೆ. ಪೊದೆಗಪ್ಪೆಗಳಲ್ಲಿ ಹಲವದರ ಕೂಗೂ ಗಿಡ್ಡ ‘ಟಿಕ್ ಟಿಕ್’. ತಾನಾಗಿ ಎಣಿಸುವ ತಂತ್ರಾಂಶ ಹನಿಯನ್ನೇ ಕಪ್ಪೆ ಅಂತ ಎಣಿಸಿ, ಮಳೆ ನಿಂತ ತಕ್ಷಣ ಕಪ್ಪೆಗಳು ಮುಗಿಬಿದ್ದು ಕೂಗಿದವು ಅಂತ ಚಂದದ ಗ್ರಾಫ್ ಕೊಡುತ್ತದೆ. ಆದ್ದರಿಂದ ಸುತ್ತ ಎರಡು ಮೂರು ಮೀಟರ್ ಜಾಗದಲ್ಲಿ ಬಿದ್ದ ಹಾಳೆ, ಸೋಗೆ ಎಲ್ಲ ಎತ್ತಿ ಹಾಕಿ. ತೆಳ್ಳಗಿನ ಗೂಟ ಅಥವಾ ಸಣ್ಣ ಮರಕ್ಕೆ ಎದೆಮಟ್ಟದಲ್ಲಿ, 1.2ರಿಂದ 1.5 ಮೀಟರ್ ಎತ್ತರದಲ್ಲಿ ಕಟ್ಟಿ. ದಪ್ಪ ಮರವಾದರೆ ಹಿಂದಿನಿಂದ ಬರುವ ಸದ್ದಿಗೆ ಅಡ್ಡವಾಗುತ್ತದೆ.

ಮೇಲೆ ತಗಡು ಮುಚ್ಚಿದರೆ ಕೆಲಸ ಕೆಟ್ಟಿತು. ಓರೆಯಾಗಿ ಒಂದು ಹಲಗೆ, ಅದರ ಮೇಲೆ ತೆಂಗಿನ ನಾರಿನ ಚಾಪೆಯ ತುಂಡು ಹೊದಿಸಿ. ಹನಿಯ ಪೆಟ್ಟನ್ನು ನಾರು ನುಂಗುತ್ತದೆ. ಪ್ಲಾಸ್ಟಿಕ್ ಚೀಲ ಸಡಿಲವಾಗಿ ಸುತ್ತಿದರೆ ಗಾಳಿಗೆ ಪಟಪಟ ಅನ್ನುತ್ತದೆ, ಅದೂ ಬೇಡ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಪ್ರತಿ ಸಲ ಬ್ಯಾಟರಿ ಬದಲಿಸುವಾಗ ಅದನ್ನೂ ಬದಲಿಸಿ. ಬಣ್ಣ ಬದಲಾಗುವ ಜಾತಿಯದ್ದಾದರೆ ತೇವ ಕುಡಿದದ್ದು ಕಣ್ಣಿಗೇ ಗೊತ್ತಾಗುತ್ತದೆ. ಇರುವೆ ಗೂಡು ಕಟ್ಟುವುದು ಇನ್ನೊಂದು ಕಾಟ. ಕಟ್ಟಿದ ದಾರಕ್ಕೆ ಗ್ರೀಸ್ ಸವರಿ.

ಹೊಳೆಯಿಂದ ದೂರವಿರಿ. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ಜುಲೈನಲ್ಲಿ ಬೇಸಿಗೆಯ ಒಣಹಳ್ಳವೂ ಭೋರ್ಗರೆಯುತ್ತದೆ. ಹರಿವ ನೀರಿನ ಸದ್ದಿನಲ್ಲಿ ಬರೀ ಕೂಗು ನೆಚ್ಚಿಕೊಂಡರೆ ಆಗದು ಅಂತಲೇ ತೊರೆಯ ಬಂಡೆ ಮೇಲಿನ ಮೈಕ್ರಿಕ್ಸಾಲಸ್ ಕುಲದ ಗಂಡುಗಪ್ಪೆಗಳು ಹಿಂಗಾಲು ಚಾಚಿ ಸನ್ನೆಯನ್ನೂ ಮಾಡುತ್ತವೆ. ನಿಮ್ಮ ಮೈಕಿಗೆ ಕಾಲಿಲ್ಲ. ಮೇ ತಿಂಗಳಲ್ಲಿ ಜಾಗ ಆರಿಸುವಾಗ ಜುಲೈನ ನೀರು ಎಲ್ಲಿ ಹರಿಯುತ್ತದೆ ಅಂತ ತೋಟದವರನ್ನೇ ಕೇಳಿ. ತೋಟವಾದರೆ ಮಾಲೀಕರ ಒಪ್ಪಿಗೆ ಸಾಕು. ಗಡಿ ದಾಟಿ ಮೀಸಲು ಅರಣ್ಯದೊಳಗೆ ಹೋದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕೇ ಬೇಕು.

ಒಂದೇ ರೆಕಾರ್ಡರ್ ಅಂದರೆ ಒಂದೇ ಜಾಗ, ಅಷ್ಟೆ. ಪಕ್ಕದ ಪೊದೆಯಲ್ಲಿ ಕೂತ ಒಂದೇ ಗಂಡು ರಾತ್ರಿಯಿಡೀ ಕೂಗಿದರೆ ನಿಮ್ಮ ಪಟ್ಟಿಯಲ್ಲಿ ನೂರಾರು ಕೂಗು ಇರುತ್ತವೆ, ಮಾದರಿಯ ಗಾತ್ರ ಮಾತ್ರ ಒಂದೇ. ಪರಿಸರ ವಿಜ್ಞಾನಿ ಹರ್ಲ್‌ಬರ್ಟ್ 1984ರಲ್ಲಿ ಇದಕ್ಕೆ ‘ಹುಸಿ ಪುನರಾವರ್ತನೆ’ ಅನ್ನುವ ಅರ್ಥದ ಹೆಸರಿಟ್ಟು ಝಾಡಿಸಿದ ಮೇಲೂ ಪ್ರಾಜೆಕ್ಟ್ ವರದಿಗಳಲ್ಲಿ ಈ ತಪ್ಪು ನಿಂತಿಲ್ಲ. ಕನಿಷ್ಠ ಮೂರು ಕಡೆ, ಒಂದಕ್ಕೊಂದು ಕೇಳಿಸದಷ್ಟು ದೂರದಲ್ಲಿ, 200 ಮೀಟರ್ ಅಂತರ ಬಿಟ್ಟು ಇಡಿ. ಕೂಗು ಒಂದೊಂದೇ ಎಣಿಸುವ ಬದಲು ಪ್ರತಿ ತುಣುಕಿಗೆ 0ರಿಂದ 3ರ ಸೂಚ್ಯಂಕ ಕೊಡುವುದು ಹೆಚ್ಚು ಗಟ್ಟಿ: ಕೂಗಿಲ್ಲ ಎಂದರೆ 0; ಬಿಡಿಬಿಡಿಯಾಗಿ ಎಣಿಸಬಹುದಾದರೆ 1; ಒಂದರ ಮೇಲೊಂದು ಬಂದರೂ ಬೇರ್ಪಡಿಸಬಹುದಾದರೆ 2; ಎಡೆಬಿಡದ ಮೇಳವಾದರೆ 3.

ತಾಪಮಾನ ಮರೆಯಬೇಡಿ. ಕಪ್ಪೆ ಶೀತರಕ್ತದ ಪ್ರಾಣಿ. ಚಳಿಯಾದರೆ ಸ್ನಾಯು ನಿಧಾನ, ಕೂಗಿನೊಳಗಿನ ಬಿಡಿ ಸದ್ದುಗಳ, ಅಂದರೆ ಮಿಡಿತದ, ದರ ಇಳಿಯುತ್ತದೆ. ಕೂಗಿನ ಮುಖ್ಯ ಆವರ್ತನ ಹೆಚ್ಚಾಗಿ ದೇಹದ ಗಾತ್ರಕ್ಕೆ ತಳುಕು ಹಾಕಿಕೊಂಡಿರುತ್ತದೆ, ಮಿಡಿತದ ದರ ತಾಪಮಾನಕ್ಕೆ. ಪೊದೆಯ ಎತ್ತರದಲ್ಲೇ ತಾಪಮಾನ, ತೇವ ಎರಡನ್ನೂ ಅರ್ಧ ಗಂಟೆಗೊಮ್ಮೆ ದಾಖಲಿಸುವ ಲಾಗರ್ ಇಡಿ. ದೂರದ ಹವಾಮಾನ ಕೇಂದ್ರದ ಅಂಕಿ ಕಾನಿನೊಳಗಿನ ರಾತ್ರಿಗೆ ಹೊಂದುವುದಿಲ್ಲ.

---

ಅಲೆಗಣಿತ

ಭೌತಶಾಸ್ತ್ರದ ಕಡೆಯಿಂದ ನಾಲ್ಕು ಮಾತು.

48 ಕಿಲೋಹರ್ಟ್ಸ್, 16 ಬಿಟ್, ಮೊನೊ, ವೇವ್ ಕಡತ. ಪೊದೆಗಪ್ಪೆಗಳ ಶಕ್ತಿ ಸಾಮಾನ್ಯವಾಗಿ 2ರಿಂದ 4 ಕಿಲೋಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. 48ರಲ್ಲಿ 24 ಕಿಲೋಹರ್ಟ್ಸ್‌ವರೆಗೆ ಸಿಗುವುದರಿಂದ ಧಾರಾಳವಾಯಿತು, ಮೇಲಿನ ಜೀರುಂಡೆ ಗದ್ದಲವೂ ಪ್ರತ್ಯೇಕವಾಗಿ ಕಾಣುತ್ತದೆ. ಜಾಗದ ಲೆಕ್ಕ ಹೀಗೆ: ನಿಮಿಷಕ್ಕೆ 5.76 ಎಂಬಿ, 5 ನಿಮಿಷಕ್ಕೆ 28.8, ರಾತ್ರಿಗೆ 12 ತುಣುಕಿಗೆ ಸುಮಾರು 346 ಎಂಬಿ, 120 ರಾತ್ರಿಗೆ 41.5 ಜಿಬಿ. 64 ಜಿಬಿ ಕಾರ್ಡ್ ಒಂದೇ ಸಾಕು. ಆದರೂ ಎರಡು ಕಾರ್ಡ್ ಇಟ್ಟುಕೊಂಡು ಎರಡು ವಾರಕ್ಕೊಮ್ಮೆ ಬದಲಿಸಿ. ತೇವಕ್ಕೆ ಕಾರ್ಡ್ ಸತ್ತರೆ ಎರಡು ವಾರ ಮಾತ್ರ ಹೋಗಲಿ, ಇಡೀ ಮುಂಗಾರು ಹೋಗುವುದು ಬೇಡ.

ಎಂಪಿ3 ಬೇಡ. ಜೋರು ಸದ್ದಿನ ಮರೆಯಲ್ಲಿರುವ ಸಣ್ಣ ಸದ್ದು ಮನುಷ್ಯನ ಕಿವಿಗೆ ಹೇಗೂ ಕೇಳದು ಅಂತ ಅದನ್ನು ಕಿತ್ತೆಸೆಯುವುದೇ ಅದರ ಕಸುಬು. ನಿಮಗೆ ಬೇಕಾದದ್ದೇ ಆ ಸಣ್ಣ ಸದ್ದು. ಮೊಬೈಲ್‌ನ ವಾಯ್ಸ್ ರೆಕಾರ್ಡರ್ ಇನ್ನೂ ಅನಾಹುತ. ಒಂದೇ ಸಮನೆ ಬರುವ ಕಪ್ಪೆ ಮೇಳವನ್ನು ಅದು ಫ್ಯಾನಿನ ಸದ್ದೆಂದು ತಿಳಿದು ಒರೆಸುತ್ತದೆ, ಮೇಲಾಗಿ ಸದ್ದಿನ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತದೆ. ಆಡಿಯೋಮಾತ್ ಥರದ ಸಾಧನದಲ್ಲಿ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಮಾಣ) ಒಂದೇ ಮಟ್ಟಕ್ಕೆ ಕಟ್ಟಿಹಾಕಬಹುದು. ಒಮ್ಮೆ ಕಟ್ಟಿದ ಮೇಲೆ ಸೆಪ್ಟೆಂಬರ್‌ವರೆಗೆ ಮುಟ್ಟಬೇಡಿ.

ವಿಂಡೋ ವಿಷಯ. 48 ಕಿಲೋಹರ್ಟ್ಸ್‌ನಲ್ಲಿ 1024 ಬಿಂದುಗಳ ವಿಂಡೋ ಅಂದರೆ 21.3 ಮಿಲಿಸೆಕೆಂಡ್ ಕಾಲ, 46.9 ಹರ್ಟ್ಸ್ ಅಂತರ. 256 ಆದರೆ 5.3 ಮಿಲಿಸೆಕೆಂಡ್, 187.5 ಹರ್ಟ್ಸ್. ಒಂದನ್ನು ಹಿಡಿದರೆ ಇನ್ನೊಂದು ಕೈಜಾರುತ್ತದೆ. ಈಗ ಒಂದು ಕೂಗಿನಲ್ಲಿ 8 ಮಿಲಿಸೆಕೆಂಡಿಗೊಂದು ಮಿಡಿತ ಇದೆ ಅಂದುಕೊಳ್ಳಿ. 256ರಲ್ಲಿ ನೋಡಿದರೆ ಬಾಚಣಿಗೆ ಹಲ್ಲಿನಂತೆ ಬಿಡಿ ಮಿಡಿತ ಕಾಣುತ್ತವೆ. ಅದನ್ನೇ 1024ರಲ್ಲಿ ನೋಡಿದರೆ ಒಂದು ವಿಂಡೋದೊಳಗೆ ಎರಡು ಮೂರು ಮಿಡಿತ ಸೇರಿಹೋಗಿ, ಮುಖ್ಯ ಆವರ್ತನದ ಮೇಲೆ ಕೆಳಗೆ 125 ಹರ್ಟ್ಸ್ ಅಂತರದ ಅಡ್ಡಪಟ್ಟಿಗಳು ಮೂಡುತ್ತವೆ. 1ನ್ನು 0.008ರಿಂದ ಭಾಗಿಸಿದರೆ ಬರುವುದೇ 125. ಸದ್ದು ಒಂದೇ, ಚಿತ್ರ ಎರಡು. ಈ ಪಟ್ಟಿಗಳನ್ನು ಸಂಗತಗಳು (ಹಾರ್ಮೋನಿಕ್) ಅಂತ ಬರೆದರೆ ಪರೀಕ್ಷಕರು ಬಿಡುವುದಿಲ್ಲ. ವಿಂಡೋಗಳನ್ನು ಒಂದರ ಮೇಲೊಂದು 75 ಶೇಕಡಾ ಹೊದಿಸಿದರೆ ಚಿತ್ರ ನುಣುಪಾಗುತ್ತದೆ, ಹೊಸ ವಿವರ ಏನೂ ಹುಟ್ಟುವುದಿಲ್ಲ. ಸೊನ್ನೆ ತುಂಬಿ ವಿಂಡೋ ಉದ್ದ ಮಾಡುವುದೂ ಅದೇ ಕಥೆ.

ಇನ್ನು ನಿಮ್ಮ ಸೊನ್ನೆಯ ಪ್ರಶ್ನೆ. ಇದು ಇಡೀ ಪ್ರಾಜೆಕ್ಟಿನ ಕೀಲು, ಆದ್ದರಿಂದ ಸ್ವಲ್ಪ ಲೆಕ್ಕ ಮಾಡೋಣ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಅರ್ಧ ಮೀಟರ್‌ನಲ್ಲಿ 80 ಇದ್ದದ್ದು 1 ಮೀಟರ್‌ನಲ್ಲಿ 74, 2ರಲ್ಲಿ 68, 5ರಲ್ಲಿ 60. ಇದನ್ನು ತಿರುಗಿಸಿ ಓದಿ: ಮಳೆಯಿಂದ ಹಿನ್ನೆಲೆ ಸದ್ದು 6 ಡೆಸಿಬೆಲ್ ಏರಿದರೆ ಮೈಕಿಗೆ ಕಪ್ಪೆ ಕೇಳುವ ದೂರ ಅರ್ಧವಾಗುತ್ತದೆ, ವಿಸ್ತೀರ್ಣ ಕಾಲು ಭಾಗವಾಗುತ್ತದೆ. 12 ಏರಿದರೆ ವಿಸ್ತೀರ್ಣ ಹದಿನಾರರಲ್ಲಿ ಒಂದು. ಅಂದರೆ ಕಾನಿನಲ್ಲಿ ಒಂದು ಕಪ್ಪೆಯೂ ಬಾಯಿ ಮುಚ್ಚದೆ ನಿಮ್ಮ ಪಟ್ಟಿಯಲ್ಲಿ ಹದಿನಾರು ಕಪ್ಪೆ ಒಂದಾಗುತ್ತದೆ. ಎಲೆ, ಪೊದೆ ಹೀರುವುದನ್ನು ಸೇರಿಸಿದರೆ ಅಂಕಿ ಬದಲಾಗುತ್ತದೆ, ದಿಕ್ಕು ಬದಲಾಗುವುದಿಲ್ಲ.

ಹಾಗಾಗಿ ಸೊನ್ನೆ ಖಂಡಿತ ಹಾಕಬೇಡಿ. ಬರೀ ಖಾಲಿ ಬಿಟ್ಟರೂ ಸಾಲದು. ಪ್ರತಿ ತುಣುಕಿಗೂ 2ರಿಂದ 4 ಕಿಲೋಹರ್ಟ್ಸ್ ಪಟ್ಟಿಯಲ್ಲಿ ಹಿನ್ನೆಲೆ ಮಟ್ಟ ಅಳೆಯಿರಿ: ತುಣುಕನ್ನು ಸಣ್ಣ ಚೌಕಟ್ಟುಗಳಾಗಿ ಕತ್ತರಿಸಿ, ಪ್ರತಿಯೊಂದರ ಶಕ್ತಿ ತೆಗೆದು, ಏರಿಕೆ ಕ್ರಮದಲ್ಲಿಟ್ಟು, ಕೆಳಗಿನ 10 ಶೇಕಡಾ ಮುಗಿಯುವ ಅಂಕಿ (10ನೇ ಪರ್ಸೆಂಟೈಲ್) ಆರಿಸಿ. ಕೂಗು ಬಿಟ್ಟುಬಿಟ್ಟು ಬರುವುದರಿಂದ ಅದು ಹೆಚ್ಚುಕಡಿಮೆ ಮಳೆಯ ಮಟ್ಟವೇ. ಆದರೆ ಸೂಚ್ಯಂಕ 3 ಬಂದ ತುಣುಕಿನಲ್ಲಿ ಬಿಡುವೇ ಇರುವುದಿಲ್ಲ, ಅಲ್ಲಿ ಈ ಉಪಾಯ ಕಪ್ಪೆಯನ್ನೇ ಹಿನ್ನೆಲೆ ಅನ್ನುತ್ತದೆ. ಅಲ್ಲಿ 1ರಿಂದ 1.5 ಕಿಲೋಹರ್ಟ್ಸ್‌ನ ಪಕ್ಕದ ಪಟ್ಟಿಯಿಂದ ಅಂದಾಜು ಮಾಡಿ.

ಜೊತೆಗೆ ಒಂದು ಪರೀಕ್ಷೆ ಮಾಡಿಡಿ. ಚೊಕ್ಕಟವಾದ ಒಂದು ಕೂಗನ್ನು ಸಣ್ಣ ಸ್ಪೀಕರ್‌ನಲ್ಲಿ ಹಾಕಿ, 1 ಮೀಟರ್‌ನಲ್ಲಿ ನಿಜ ಕಪ್ಪೆಯಷ್ಟೇ ಜೋರು ಬರುವಂತೆ ಹೊಂದಿಸಿ, ರೆಕಾರ್ಡರ್‌ನಿಂದ 5, 10, 20 ಮೀಟರ್ ದೂರದಲ್ಲಿ ನುಡಿಸಿ. ಒಣ ರಾತ್ರಿ, ಜಿಟಿಜಿಟಿ, ಜಡಿಮಳೆ ಮೂರರಲ್ಲೂ ಬೇಕು. ಯಾವ ಹಿನ್ನೆಲೆ ಮಟ್ಟಕ್ಕೆ ಎಷ್ಟು ದೂರ ಕೇಳುತ್ತದೆ ಅನ್ನುವ ರೇಖೆ ಸಿಕ್ಕಿತೆಂದರೆ ‘ಕೂಗಲಿಲ್ಲ’ ಮತ್ತು ‘ಕೇಳಲಿಲ್ಲ’ ಬೇರೆಬೇರೆಯಾಗುತ್ತವೆ. ಸದ್ದಿನ ಮೀಟರನ್ನು 1 ಕಿಲೋಹರ್ಟ್ಸ್, 94 ಡೆಸಿಬೆಲ್ ಕ್ಯಾಲಿಬ್ರೇಟರ್‌ನಿಂದ ತಾಳೆ ನೋಡಿಕೊಳ್ಳಿ. ಭೌತಶಾಸ್ತ್ರ ವಿಭಾಗದಲ್ಲಿ ಕೇಳಿದರೆ ಸಿಗಬಹುದು.

---

ಸಪ್ತರ್ಷಿ

ಕಿಂಡಿ ಬಿದ್ದ ದತ್ತಾಂಶ ಖಗೋಳದವರಿಗೆ ಹಳೇ ನೆಂಟ. ಮೋಡ ಬಂದ ರಾತ್ರಿ ನಕ್ಷತ್ರ ಕಾಣುವುದಿಲ್ಲ, ಹಗಲಂತೂ ಇಲ್ಲವೇ ಇಲ್ಲ. ಅದಕ್ಕೇ ಲೋಂಬ್ 1976ರಲ್ಲಿ, ಸ್ಕಾರ್ಗಲ್ 1982ರಲ್ಲಿ ಬೆಳೆಸಿದ ವಿಧಾನವಿದೆ: ಪ್ರತಿ ಆವರ್ತನಕ್ಕೂ ಒಂದು ಸೈನ್, ಒಂದು ಕೊಸೈನ್ ಹಾಕಿ ಕನಿಷ್ಠ ವರ್ಗದ ಹೊಂದಿಕೆ ನೋಡುವುದು. ಬಿಂದುಗಳ ನಡುವಿನ ಅಂತರ ಸಮ ಇರಬೇಕಿಲ್ಲ, ಕಿಂಡಿ ತುಂಬಬೇಕಿಲ್ಲ. ಪೈಥಾನ್ ಭಾಷೆಯ ಆಸ್ಟ್ರೋಪೈ ಎಂಬ ಖಗೋಳ ಲೆಕ್ಕದ ತಂತ್ರಾಂಶದಲ್ಲಿ ಸಿದ್ಧವಾಗಿ ಸಿಗುತ್ತದೆ. ಇಲ್ಲಿಯವರೆಗೆ ಸಿಹಿಸುದ್ದಿ.

ನೀವು ರಾತ್ರಿ ಮಾತ್ರ ಕೇಳುತ್ತೀರಿ, ಹಾಗಾಗಿ ದಿನಕ್ಕೊಂದು ಸುತ್ತು ಅನ್ನುವ ಲಯ ನಿಮ್ಮ ವೇಳಾಪಟ್ಟಿಯಲ್ಲೇ ಇದೆ. ನಿಜವಾದ ಪ್ರತಿ ಆವರ್ತಕ್ಕೂ (ಒಂದು ಸುತ್ತಿಗೆ ಹಿಡಿಯುವ ಕಾಲಕ್ಕೂ) ಇದರಿಂದ ಸುಳ್ಳು ಜೊತೆಗಾರರು ಹುಟ್ಟುತ್ತಾರೆ. ಡೆಲ್ಟಾ ಸೆಫೈ ನಕ್ಷತ್ರದ ಬೆಳಕು 5.366 ದಿನಕ್ಕೊಮ್ಮೆ ಏರಿಳಿಯುತ್ತದೆ. ದಿನಕ್ಕೊಮ್ಮೆ ಮಾತ್ರ ನೋಡಿದವನಿಗೆ 1.229 ದಿನ, 0.843 ದಿನ ಕೂಡ ಅಷ್ಟೇ ಚೆನ್ನಾಗಿ ಹೊಂದುತ್ತವೆ. ನಿಮ್ಮ ಚಂದ್ರಮಾಸದ 29.53 ದಿನಕ್ಕೆ ಸಿಗುವ ಒಂದು ಸುಳ್ಳು ಜೊತೆಗಾರ 1.035 ದಿನ, ಅಂದರೆ 24 ಗಂಟೆ 50 ನಿಮಿಷ. ಚಂದ್ರೋದಯ ದಿನಾ ಸರಾಸರಿ 50 ನಿಮಿಷ ತಡವಾಗುವುದು ಇದೇ! ಕಪ್ಪೆ ಚಂದ್ರನ ಬೆಳಕಿನ ಪ್ರಮಾಣ ನೋಡಿ ಕೂಗುತ್ತದೋ, ಚಂದ್ರ ಹುಟ್ಟುವ ಹೊತ್ತು ನೋಡಿ ಕೂಗುತ್ತದೋ ಅನ್ನುವುದನ್ನು ರಾತ್ರಿಗೊಂದು ಅಂಕಿ ಇಟ್ಟುಕೊಂಡು ಬೇರ್ಪಡಿಸಲಾಗದು. ಅರ್ಧ ಗಂಟೆಗೊಮ್ಮೆ ತೆಗೆದ ತುಣುಕುಗಳನ್ನು ಒಟ್ಟು ಮಾಡದೆ ಹಾಗೇ ಇಟ್ಟರೆ ಒಂದು ದಾರಿ ಇದೆ.

ದೊಡ್ಡ ತೊಡಕು ಬೇರೆ. 120 ದಿನದ ಅವಧಿಯಲ್ಲಿ ಚಂದ್ರನ ಸುತ್ತು ಬರುವುದು ನಾಲ್ಕೇ. ಆವರ್ತವನ್ನು ಎಷ್ಟು ಚೊಕ್ಕಾಗಿ ಗುರುತಿಸಬಹುದು ಅನ್ನುವುದಕ್ಕೆ ಸರಳ ಅಂದಾಜು: ಆವರ್ತದ ವರ್ಗವನ್ನು ಒಟ್ಟು ಅವಧಿಯಿಂದ ಭಾಗಿಸಿ. 29.53ರ ವರ್ಗ 872, ಭಾಗಿಸು 120, ಅಂದರೆ ಏಳು ದಿನಕ್ಕೂ ಮಿಗಿಲು. ನಿಮ್ಮ ಗ್ರಾಫಿನಲ್ಲಿ 29.5ರ ಹತ್ತಿರ ಉಬ್ಬು ಬಂದರೆ ಅದು 26 ಇರಬಹುದು, 33 ಇರಬಹುದು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಮ್ಮ ಮುಂಗಾರೇ ಜೋರು–ಬಿಡುವು ಅಂತ 30ರಿಂದ 60 ದಿನದ ಏರಿಳಿತ ಇಟ್ಟುಕೊಂಡಿದೆ, ಜೊತೆಗೆ 10ರಿಂದ 20 ದಿನದ್ದು ಇನ್ನೊಂದು. ಒಂದು ಚಂದ್ರಮಾಸದ ಪಕ್ಕಕ್ಕೇ ಕೂತಿದೆ, ಇನ್ನೊಂದು ಪಕ್ಷದ 14.77 ದಿನವನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿದೆ. ಮಳೆಗೆ ಕಪ್ಪೆ ಕೂಗುವುದು ಯಾರಿಗೆ ಗೊತ್ತಿಲ್ಲ? ಒಂದು ಮುಂಗಾರಿನಲ್ಲಿ ಸಿಕ್ಕ ‘ಚಂದ್ರನ ಆವರ್ತ’ ಮಳೆಯದ್ದೇ ಆಗಿರುವ ಸಂಭವ ಬಹಳ. ಮೂರು ಕಡೆ ರೆಕಾರ್ಡರ್ ಇಟ್ಟರೂ ಇದಕ್ಕೆ ಪರಿಹಾರವಿಲ್ಲ ಮಾರಾಯ್ರೆ. ಮೂರಕ್ಕೂ ಅದೇ ಮಳೆ, ಅದೇ ಚಂದ್ರ.

ನಕ್ಷತ್ರದ ಮಳೆಗಳ ಗುಂಪು ಬೇಡ. ಸೂರ್ಯ ಒಂದು ನಕ್ಷತ್ರದಲ್ಲಿ ಇರುವುದು ಸುಮಾರು 13.5 ದಿನ. ಅಷ್ಟಗಲದ ಸರಾಸರಿ ತೆಗೆದರೆ 14.77 ದಿನದ ಲಯದ ಎತ್ತರ ಹತ್ತರಲ್ಲಿ ಒಂದಕ್ಕಿಂತ ಕೆಳಗಿಳಿಯುತ್ತದೆ, 29.53ರದ್ದು ಮೂರರಲ್ಲಿ ಎರಡರಷ್ಟು ಉಳಿಯುತ್ತದೆ. ಹುಡುಕುತ್ತಿರುವುದನ್ನೇ ಒರೆಸಿ ಹುಡುಕಿದಂತಾಯಿತು. ಗದ್ದೆ ನಾಟಿಗೆ ಆ ಲೆಕ್ಕ ಸರಿ, ಇದಕ್ಕಲ್ಲ.

ತಿಥಿ ಬಳಸಬಹುದು. ಸೂರ್ಯ–ಚಂದ್ರರ ನಡುವಿನ ಕೋನ 12 ಡಿಗ್ರಿ ಬೆಳೆದರೆ ಒಂದು ತಿಥಿ, ಹಾಗಾಗಿ ಅದು ಚಂದ್ರಕಲೆಯ ಅಳತೆಯೇ. ಎಚ್ಚರ ಒಂದೇ: ಪಂಚಾಂಗದಲ್ಲಿ ದಿನದ ಎದುರು ಅಚ್ಚಾಗಿರುವುದು ಸೂರ್ಯೋದಯದ ತಿಥಿ. ರಾತ್ರಿ 9ಕ್ಕೆ ಮುಂದಿನದು ಬಂದಿರಬಹುದು, ಪಕ್ಕದಲ್ಲಿರುವ ಗಳಿಗೆ ನೋಡಿ. ಕೋನವನ್ನೇ ನೇರ ಲೆಕ್ಕ ಹಾಕುವ ತಂತ್ರಾಂಶ ಇದ್ದರೆ ಇನ್ನೂ ಒಳ್ಳೆಯದು. ಆದರೆ ಕಲೆ ಬೇರೆ, ಬೆಳಕು ಬೇರೆ. ಕೃಷ್ಣಪಕ್ಷದ ಅಷ್ಟಮಿಯಂದು ಅರ್ಧಚಂದ್ರ ಹುಟ್ಟುವುದೇ ನಡುರಾತ್ರಿ ಹೊತ್ತಿಗೆ. ನಿಮ್ಮ ರೆಕಾರ್ಡಿಂಗ್ ಅಷ್ಟೊತ್ತಿಗೆ ಮುಗಿದಿರುತ್ತದೆ. ಶುಕ್ಲಪಕ್ಷದ ಅಷ್ಟಮಿಯಲ್ಲಿ ಅದೇ ಅರ್ಧಚಂದ್ರ ಸಂಜೆ ತಲೆ ಮೇಲಿರುತ್ತಾನೆ. ಎರಡಕ್ಕೂ ‘50 ಶೇಕಡಾ’ ಅಂತ ಬರೆದರೆ ತಪ್ಪು. ಪ್ರತಿ ತುಣುಕಿನ ಹೊತ್ತಿಗೆ ಚಂದ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದ್ದಾನೆ ಅನ್ನುವುದೂ ಬೇಕು.

ಮೋಡದ್ದು ಇನ್ನೊಂದು ತಮಾಷೆ. ಶಿವಮೊಗ್ಗ ಪೇಟೆಯ ಹತ್ತಿರ ಮೋಡ ಕವಿದರೆ ಬೀದಿದೀಪದ ಬೆಳಕು ತಿರುಗಿ ಬಿದ್ದು ರಾತ್ರಿ ಬೆಳ್ಳಗಾಗುತ್ತದೆ. ಆಗುಂಬೆ ಕಡೆ ದೀಪವಿಲ್ಲದ ಕಾನಿನಲ್ಲಿ ಅದೇ ಮೋಡ ನಕ್ಷತ್ರದ ಬೆಳಕನ್ನೂ ಮುಚ್ಚಿ ರಾತ್ರಿಯನ್ನು ಇನ್ನಷ್ಟು ಕಪ್ಪು ಮಾಡುತ್ತದೆ. ಆಕಾಶದ ಕತ್ತಲೆ ಅಳೆಯುವ ಮೀಟರ್ ಒಂದನ್ನು ಸಂಪಾದಿಸಿದರೆ ಪಂಚಾಂಗಕ್ಕಿಂತ ಅದರ ಅಂಕಿಯೇ ಕಪ್ಪೆಗೆ ಹತ್ತಿರ.

---

ಮಾತು_ಕಿವಿ

ವಾಕ್–ಶ್ರವಣ ದೋಷದ ಕ್ಷೇತ್ರದಿಂದ. ಪ್ರಾಟ್ ಖಂಡಿತ ಬಳಸಬಹುದು. ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಬೂರ್ಸ್ಮಾ ಮತ್ತು ವೀನಿಂಕ್ ಮಾಡಿದ ಉಚಿತ ತಂತ್ರಾಂಶ. ಕೈಯಿಂದ ಗುರುತು ಹಾಕಲು ಅದರ ಟೆಕ್ಸ್ಟ್‌ಗ್ರಿಡ್ ಎಂಬ ಗುರುತಿನ ಪಟ್ಟಿಯಷ್ಟು ಒಳ್ಳೆಯದು ಕಡಿಮೆ. ಆದರೆ ಅದರೊಳಗಿನ ಪೂರ್ವನಿಗದಿ ಅಂಕಿಗಳೆಲ್ಲ ಮನುಷ್ಯನ ಗಂಟಲಿಗೆ ಹೊಲಿದದ್ದು. ಸ್ಪೆಕ್ಟ್ರೋಗ್ರಾಂ (ಸದ್ದಿನ ಕಾಲ–ಆವರ್ತನದ ಚಿತ್ರ) 5,000 ಹರ್ಟ್ಸ್‌ಗೆ ನಿಲ್ಲುತ್ತದೆ, ಅದನ್ನು 10,000 ಮಾಡಿ. 5 ಮಿಲಿಸೆಕೆಂಡ್ ವಿಂಡೋ ನಿಮ್ಮ ಮಿಡಿತಕ್ಕೆ ಸರಿಹೋಗುತ್ತದೆ, ಬಿಡಿ. ಮುಖ್ಯ ಆವರ್ತನ ಓದುವಾಗ ಮಾತ್ರ 30ಕ್ಕೆ ಏರಿಸಿ. ಪಿಚ್ ಹುಡುಕುವುದು ಮೇಲೆ ಕೆಲವು ನೂರು ಹರ್ಟ್ಸ್‌ವರೆಗೆ ಮಾತ್ರ. ಅಲೆಗಣಿತ ಅವರು ಹೇಳಿದ ಆ 8 ಮಿಲಿಸೆಕೆಂಡ್ ಮಿಡಿತದ ಕೂಗು ಕೊಟ್ಟರೆ ಪ್ರಾಟ್ ‘ಪಿಚ್ 125’ ಅನ್ನಬಹುದು. ಅದು ಮಿಡಿತದ ದರ, ಕೂಗಿನ ಸ್ಥಾಯಿ ಅಲ್ಲ. ಜಿಟ್ಟರ್ (ಕಂಪನದ ಕಾಲದ ಏರುಪೇರು) 1.04 ಶೇಕಡಾ, ಶಿಮ್ಮರ್ (ಸದ್ದಿನ ಜೋರಿನ ಏರುಪೇರು) 3.81 ಶೇಕಡಾ ಅನ್ನುವ ಗಡಿಗಳು ಮನುಷ್ಯ ‘ಆ’ ಅಂತ ಎಳೆದು ಹೇಳಿದ ಸ್ವರಕ್ಕೆ. ಕಪ್ಪೆಗೆ ಅದನ್ನು ಹಚ್ಚಿ ‘ಧ್ವನಿದೋಷ’ ಪತ್ತೆ ಮಾಡಬೇಡಿ. ಫಾರ್ಮೆಂಟ್ (ಮನುಷ್ಯನ ಬಾಯಿ–ಗಂಟಲಿನ ಅನುರಣನ) ಗುಂಡಿಯ ಕಡೆ ಹೋಗಲೇಬೇಡಿ.

ತಂತ್ರಾಂಶಕ್ಕಿಂತ ಮುಖ್ಯವಾದದ್ದು, ಏನನ್ನು ಒಂದು ಅಂತ ಎಣಿಸುತ್ತೀರಿ ಅನ್ನುವುದು. ತೊದಲು ಅಳೆಯುವಾಗ ‘ಮ-ಮ-ಮನೆ’ ಬಂದರೆ ತೊದಲು, ‘ಮನೆಮನೆಗೂ’ ಬಂದರೆ ಸರಿಯಾದ ಕನ್ನಡ. ಎರಡೂ ಪುನರಾವರ್ತನೆಯೇ. ನಿಯಮ ಬರೆದಿಡದೆ ಎಣಿಸಲು ಕೂತರೆ ಸೋಮವಾರದ ಅಂಕಿ ಶುಕ್ರವಾರಕ್ಕೆ ತಾಳೆಯಾಗುವುದಿಲ್ಲ. ಕಪ್ಪೆಗೂ ಹಾಗೇ: ಮಿಡಿತ, ಸ್ವರ, ಕೂಗು ಮೂರನ್ನೂ ಬೇರೆ ಮಾಡಿ, ಎಷ್ಟು ಮಿಲಿಸೆಕೆಂಡ್ ಮೌನ ಬಂದರೆ ಹೊಸ ಕೂಗು ಅನ್ನುವುದನ್ನು ಮೊದಲೇ ಬರೆದಿಡಿ. ಮೌನಗಳ ಹಂಚಿಕೆಯ ನಕ್ಷೆ ಎಳೆದರೆ ಸಾಮಾನ್ಯವಾಗಿ ಎರಡು ಗುಡ್ಡ ಕಾಣುತ್ತವೆ. ನಡುವಿನ ತಗ್ಗಿನಲ್ಲಿ ಗಡಿ ಹಾಕಿ.

ತುಣುಕುಗಳಲ್ಲಿ ಐದರಲ್ಲೊಂದು ಪಾಲನ್ನು ಇನ್ನೊಬ್ಬರಿಂದ ಗುರುತು ಹಾಕಿಸಿ. ಅವರಿಗೆ ತಾರೀಖು, ತಿಥಿ ಏನೂ ಗೊತ್ತಿರಬಾರದು. ಹುಣ್ಣಿಮೆ ಅಂತ ಗೊತ್ತಾದರೆ ಕಿವಿ ತಾನಾಗಿ ಪಕ್ಷ ವಹಿಸುತ್ತದೆ. ಒಪ್ಪಿಗೆಯನ್ನು ಬರೀ ಶೇಕಡಾದಲ್ಲಿ ಕೊಡಬೇಡಿ. ಉದಾಹರಣೆಗೆ 100 ತುಣುಕು: ಇಬ್ಬರೂ ‘ಇಲ್ಲ’ ಅಂದದ್ದು 90, ಇಬ್ಬರೂ ‘ಇದೆ’ ಅಂದದ್ದು 2, ಒಬ್ಬರು ಮಾತ್ರ ‘ಇದೆ’ ಅಂದದ್ದು 4 ಮತ್ತು 4. ಒಪ್ಪಿಗೆ 92 ಶೇಕಡಾ, ಕೇಳಲು ಭರ್ಜರಿ. ಆದರೆ ಕಣ್ಣು ಮುಚ್ಚಿ ಹೇಳಿದ್ದರೂ 88.7 ಶೇಕಡಾ ಒಪ್ಪಿಗೆ ಬರುತ್ತಿತ್ತು. ಈ ಆಕಸ್ಮಿಕ ಒಪ್ಪಿಗೆಯನ್ನು ಕಳೆದು ಅಳೆಯುವ ಕೊಹೆನ್ ಕಪ್ಪಾ ಲೆಕ್ಕ ಹಾಕಿದರೆ 0.29. ಅಂದರೆ ‘ಇದೆ’ ಅನ್ನುವುದರ ಬಗ್ಗೆ ಇಬ್ಬರಿಗೂ ಒಮ್ಮತವೇ ಇಲ್ಲ. 0–3ರ ಸೂಚ್ಯಂಕಕ್ಕೆ ತೂಕ ಹಾಕಿದ ಕಪ್ಪಾ ಬಳಸಿ. 2ರ ಬದಲು 3 ಅಂದದ್ದಕ್ಕೂ 0ಯ ಬದಲು 3 ಅಂದದ್ದಕ್ಕೂ ಒಂದೇ ದಂಡ ಸಲ್ಲದು.

---

ಹಾಳೆಟೋಪಿ

ಎಲ್ಲರಿಗೂ ಧನ್ಯವಾದ. ಸಪ್ತರ್ಷಿ ಸರ್, ಹಾಗಾದರೆ ಎಂ.ಎಸ್ಸಿ. ಅವಧಿಯಲ್ಲಿ ಚಂದ್ರನ ಪ್ರಶ್ನೆ ಆಗುವುದೇ ಇಲ್ಲವಾ? ನನ್ನ ಹತ್ತಿರ ಇರುವುದು ಒಂದೇ ಮುಂಗಾರು. ರೆಕಾರ್ಡರ್‌ನ ಗಡಿಯಾರ ಯುಟಿಸಿಯಲ್ಲಿ (ಜಾಗತಿಕ ಸಮಯದಲ್ಲಿ) ಇಡಬೇಕಾ, ಭಾರತದ ಸಮಯದಲ್ಲಿ ಇಡಬೇಕಾ?

---

ಸಪ್ತರ್ಷಿ

ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಆಗುತ್ತದೆ. ‘29.5 ದಿನದ ಆವರ್ತ ಇದೆಯೇ’ ಅನ್ನುವುದನ್ನು ಬಿಡಿ. ‘ಅದೇ ರಾತ್ರಿ, ಅದೇ ತಾಪಮಾನ, ಅದೇ ಹಿನ್ನೆಲೆ ಸದ್ದಿನಲ್ಲಿ, ಚಂದ್ರ ದಿಗಂತದ ಮೇಲಿದ್ದ ತುಣುಕಿಗೂ ಕೆಳಗಿದ್ದ ತುಣುಕಿಗೂ ವ್ಯತ್ಯಾಸವಿದೆಯೇ’ ಅಂತ ಕೇಳಿ. ಹೋಲಿಕೆ ಒಂದೇ ರಾತ್ರಿಯೊಳಗೆ ನಡೆಯುವುದರಿಂದ ಮುಂಗಾರಿನ 30–60 ದಿನದ ಕಾಟ ತಪ್ಪುತ್ತದೆ. ಕಪ್ಪೆ ಮುಸ್ಸಂಜೆಗೆ ಹೇಗೂ ಹೆಚ್ಚು ಕೂಗಬಹುದು, ಆದ್ದರಿಂದ ಸೂರ್ಯಾಸ್ತವಾಗಿ ಎಷ್ಟು ಹೊತ್ತಾಯಿತು ಅನ್ನುವುದೂ ಮಾದರಿಯಲ್ಲಿ ಸೇರಲಿ. ಚಂದ್ರಾಸ್ತ ಅಥವಾ ಚಂದ್ರೋದಯ 6ರಿಂದ 12ರೊಳಗೆ ಬೀಳುವ ರಾತ್ರಿಗಳು ಪ್ರತಿ ಚಂದ್ರಮಾಸದಲ್ಲೂ ಸಾಕಷ್ಟು ಸಿಗುತ್ತವೆ: ಹುಣ್ಣಿಮೆ ಕಳೆದ ಒಂದು ವಾರ ಉದಯ, ಅಮಾವಾಸ್ಯೆ ಕಳೆದ ಒಂದು ವಾರ ಅಸ್ತ.

ಆವರ್ತದ ಆಸೆ ಇದ್ದರೆ ಮುಂದೆ ಪಿಎಚ್.ಡಿ.ಗೆ ಇಟ್ಟುಕೊಳ್ಳಿ, ಮೂರು ಮುಂಗಾರು ಬೇಕು. ಹನ್ನೆರಡು ಚಂದ್ರಮಾಸ 354.37 ದಿನವಾದ್ದರಿಂದ ವರ್ಷಕ್ಕೆ ಸುಮಾರು 11 ದಿನ ಹುಣ್ಣಿಮೆ ಹಿಂದೆ ಸರಿಯುತ್ತದೆ. ಮೂರು ವರ್ಷದಲ್ಲಿ ಜುಲೈ 15 ಅನ್ನುವ ತಾರೀಖು ಹೆಚ್ಚುಕಡಿಮೆ ಕಲೆಯ ಮೂರು ಬೇರೆ ಸ್ಥಾನಗಳನ್ನು ನೋಡಿರುತ್ತದೆ, ಆಗ ಋತುವನ್ನೂ ಚಂದ್ರನನ್ನೂ ಬಿಡಿಸಬಹುದು. ಅಲ್ಲೂ ವರ್ಷಕ್ಕೊಮ್ಮೆ ಬರುವ ಕಿಂಡಿಯಿಂದ ಸುಳ್ಳು ಜೊತೆಗಾರರು ಬರುತ್ತಾರೆ, 29.53ರ ಅಕ್ಕಪಕ್ಕ 27.32 ಮತ್ತು 32.13. ಮೊದಲನೆಯದು ನಕ್ಷತ್ರಮಾಸದ (ಚಂದ್ರ ಅದೇ ನಕ್ಷತ್ರದ ಬಳಿಗೆ ಮರಳುವ ಕಾಲದ) ಉದ್ದವೇ ಆಗಿರುವುದರಿಂದ ಹೊಸ ಶೋಧವಾಯಿತೆಂದು ಹಿಗ್ಗಬೇಡಿ.

ಗಡಿಯಾರ ಯುಟಿಸಿಯಲ್ಲೇ ಇರಲಿ. ಸಂಜೆ 6 ಅಂದರೆ ಯುಟಿಸಿ 12:30, ನಡುರಾತ್ರಿ 12 ಅಂದರೆ 18:30. ಒಂದು ರಾತ್ರಿ ಒಂದೇ ತಾರೀಖಿನೊಳಗೆ ಉಳಿಯುತ್ತದೆ. ಖಗೋಳದವರು ದಿನಗಳನ್ನು ಒಂದೇ ಸಾಲಿನಲ್ಲಿ ಎಣಿಸುವ ಜೂಲಿಯನ್ ದಿನಾಂಕ ಬಳಸಿದರೆ ದಿನ ಶುರುವಾಗುವುದೇ ನಮ್ಮ ಸಂಜೆ 5:30ಕ್ಕೆ, ಇನ್ನೂ ಸಲೀಸು. 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ತಪ್ಪುವ ಗಡಿಯಾರ ದಿನಕ್ಕೆ 1.7 ಸೆಕೆಂಡ್ ಜಾರುತ್ತದೆ, 120 ದಿನಕ್ಕೆ ಮೂರೂವರೆ ನಿಮಿಷ. ನಿಮ್ಮ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ, ಆದರೆ ಬ್ಯಾಟರಿ ತೆಗೆದಾಗ ಗಡಿಯಾರ 1970ಕ್ಕೆ ಹೋಗುವ ಸಾಧ್ಯತೆ ಇದೆ.

---

ಕಾನುಹೊಳೆ

ಅದಕ್ಕೆ ಒಂದು ಸೇರಿಸುತ್ತೇನೆ. ಬ್ಯಾಟರಿ ಬದಲಿಸಿ ಗಡಿಯಾರ ಹೊಂದಿಸಿದ ಕೂಡಲೇ ಮೈಕಿನ ಎದುರು ಬಾಯಲ್ಲೇ ಜಾಗದ ಸಂಖ್ಯೆ, ತಾರೀಖು, ಮೊಬೈಲಿನ ಗಂಟೆ ಹೇಳಿ ಒಂದು ತುಣುಕು ರೆಕಾರ್ಡ್ ಮಾಡಿ. ಕಡತದ ಹೆಸರು ಹಾಳಾದರೂ ಧ್ವನಿಯಲ್ಲಿ ದಾಖಲೆ ಉಳಿಯುತ್ತದೆ. ಮೂರು ಚಪ್ಪಾಳೆಯನ್ನೂ ಒಂದು ಮೀಟರ್ ದೂರದಿಂದ ತಟ್ಟಿ. ಮೈಕಿನ ತೂತಿಗೆ ನೀರು ಕೂತಿದ್ದರೆ ಹಿಂದಿನ ಸಲದ ಚಪ್ಪಾಳೆಗಿಂತ ಇದು ಮಂಕಾಗಿ ಬರುತ್ತದೆ, ಅಲ್ಲೇ ಗೊತ್ತಾಗುತ್ತದೆ. ಮಂಕಾಗಿದ್ದರೆ ಊದಬೇಡಿ, ಒರೆಸುವ ಕಾಗದದ ಮೂಲೆ ಮುಟ್ಟಿಸಿ ನೀರು ಹೀರಿಸಿ. ಹೋಗುವಾಗ ಉಂಬಳಕ್ಕೆ ಸುಣ್ಣ–ಹೊಗೆಸೊಪ್ಪು ಕಾಲಿಗೆ ಹಚ್ಚಿಕೊಂಡರೆ ಕೈ ತೊಳೆದುಕೊಂಡೇ ರೆಕಾರ್ಡರ್ ಮುಟ್ಟಿ. ಕಪ್ಪೆ ಸಿಕ್ಕರಂತೂ ಆ ಕೈಯಲ್ಲಿ ಮುಟ್ಟಲೇಬೇಡಿ, ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ.